ನಾಲ್ಕು ಮೂಲೆಯ ದುಪ್ಪಟಿ

ಆ ಹುಡುಗನಿಗೆ ಆಗ ಎರಡು ವರ್ಷ ತುಂಬಿತ್ತೋ ಇಲ್ಲವೋ. ಫುಟ್‌ಪಾತ್ ಮೇಲೆ ಹಾಸಿದ ನೀಲಿ ದುಪ್ಪಟಿಯ ಅಂಚಿನಲ್ಲಿ, ಬ್ಯಾಗುಗಳ ಸಾಲಿನ ಪಕ್ಕ ಕೂತು ಕೆಂಪು ಬಣ್ಣದ ಆಟದ ಕಾರು ಓಡಿಸುತ್ತಿದ್ದ. ಬೀದಿಯ ಆ ಕೊನೆಯಿಂದ ಯಾರೋ ಸಿಳ್ಳೆ ಹಾಕಿದರು. ಹುಡುಗ ಅಳಲಿಲ್ಲ, ಅಪ್ಪನ ಮುಖವನ್ನೂ ನೋಡಲಿಲ್ಲ. ಕಾರನ್ನು ಎತ್ತಿ ದುಪ್ಪಟಿಯ ನಡುವೆ, ಬ್ಯಾಗುಗಳ ಮೇಲೆ ಇಟ್ಟ. ಆಮೇಲೆ ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಅಪ್ಪ ಮೂಲೆಗಳಿಗೆ ಕಟ್ಟಿದ್ದ ಹಗ್ಗ ಎಳೆದ. ದುಪ್ಪಟಿ ಮುದುಡಿ ಗಂಟಾಯಿತು, ಗಂಟು ಹೆಗಲೇರಿತು. ಪಕ್ಕದಲ್ಲಿ ಹಣ್ಣಿನ ಗಾಡಿ ಇಟ್ಟಿದ್ದ ಹೆಂಗಸು ಹುಡುಗನ ಕೈ ಹಿಡಿದು ತನ್ನ ಗಾಡಿಯ ಹಿಂದಕ್ಕೆ ಕರೆದುಕೊಂಡಳು. ಅಪ್ಪ ತಿರುಗಿ ನೋಡದೆ ಸಬ್‌ವೇ ಮೆಟ್ಟಿಲಿಳಿದು ಮಾಯವಾದ. ಎಲ್ಲಾ ಸೇರಿ ಹತ್ತು ಸೆಕೆಂಡ್ ಹಿಡಿದಿರಬಹುದು. ಯಾರೂ ಒಂದು ಮಾತಾಡಲಿಲ್ಲ.

ಅವನ ಹತ್ತಿರ ಛತ್ರಿ ಕೊಳ್ಳಲು ನಿಂತಿದ್ದವಳು ನಾನು. ಹತ್ತು ಡಾಲರ್ ನೋಟು ಕೈಯಲ್ಲೇ ಉಳಿಯಿತು. ಮಳೆ ಸುರಿಯುತ್ತಲೇ ಇತ್ತು.

ಇದು 2018ರ ಮಾತು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಕೆನಾಲ್ ಸ್ಟ್ರೀಟ್ ಅಂತ ಒಂದು ರಸ್ತೆ ಇದೆ. ನನ್ನ ಆಫೀಸು ಅಲ್ಲಿಂದ ನಾಲ್ಕು ಹೆಜ್ಜೆ. ದಿನಾ ಸಂಜೆ ಆ ಫುಟ್‌ಪಾತ್ ಮೇಲೇ ನಡೆದು ಸ್ಟೇಷನ್‌ಗೆ ಹೋಗಬೇಕಿತ್ತು. ಆ ರಸ್ತೆ ಡೂಪ್ಲಿಕೇಟ್ ಮಾಲಿಗೆ ಹೆಸರುವಾಸಿ. ಲೂಯಿ ವಿಟಾನ್, ಗೂಚಿ, ರೋಲೆಕ್ಸ್, ಯಾವ ಹೆಸರು ಬೇಕಾದರೂ ಸಿಗುತ್ತದೆ. 2008ರ ಫೆಬ್ರವರಿಯಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಇಲ್ಲಿನ 32 ಅಂಗಡಿಗಳಿಗೆ ಒಂದೇ ಸಲ ಬೀಗ ಹಾಕಿಸಿದ್ದರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಫುಟ್‌ಪಾತ್ ಮೇಲೆ ದುಪ್ಪಟಿ ಹಾಸಿಕೊಂಡು ನಡೆಯುತ್ತಲೇ ಇದೆ. ಮಾರುವವರಲ್ಲಿ ಬಹಳ ಮಂದಿ ಪಶ್ಚಿಮ ಆಫ್ರಿಕಾದವರು. ಸೆನೆಗಲ್, ಮಾಲಿ, ಗಿನಿ, ಮಾರಿಟೇನಿಯಾ.

ಇಂಥವರನ್ನು ಅಲ್ಲಿ ಹಸ್ಲರ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕೋ ನನಗೆ ಇವತ್ತಿಗೂ ಹೊಳೆದಿಲ್ಲ. ಕಿಲಾಡಿ ಅಂದರೆ ಮೆಚ್ಚುಗೆ ಜಾಸ್ತಿಯಾಯಿತು. ಮೋಸಗಾರ ಅಂದರೆ ಬರೀ ಬೈಗುಳ. ಹೊಟ್ಟೆಪಾಡಿನವನು ಅಂದರೆ ಅವನ ಚುರುಕುತನ ಬಿಟ್ಟುಹೋಗುತ್ತದೆ. ಸೆನೆಗಲ್‌ನಲ್ಲಿ ಹೀಗೆ ಪರದೇಶಕ್ಕೆ ಹೋಗಿ ದುಡಿಯುವವರಿಗೆ ಅವರದೇ ಒಂದು ಹೆಸರಿದೆ, ಮೋಡು ಮೋಡು ಅಂತ. ಅದರಲ್ಲಿ ಪ್ರೀತಿಯೂ ಇದೆ, ಸ್ವಲ್ಪ ಕನಿಕರವೂ ಇದೆ.

ಮಾರನೆಯ ದಿನ ಅದೇ ಜಾಗದಲ್ಲಿ ಅವನು ಸಿಕ್ಕಿದ. ನನ್ನ ಗುರುತು ಹಿಡಿದು ಛತ್ರಿ ಮುಂದೆ ಹಿಡಿದ. "ನಿನ್ನೆ ನೀವು ನೆಂದಿರಿ ಸಿಸ್ಟರ್, ತಪ್ಪು ನನ್ನದು" ಅಂದ. ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗ ಹಿಂದಿನ ದಿನದ ಜಾಗದಲ್ಲೇ ಕೂತಿದ್ದ. ಅಲ್ಲಿಂದ ಶುರುವಾದ ಪರಿಚಯ ಒಂದು ವರ್ಷ ನಡೆಯಿತು. ಅವನ ಇಂಗ್ಲಿಷ್ ತುಂಡು ತುಂಡು, ನಡುನಡುವೆ ಫ್ರೆಂಚ್. ಅವನ ಕಥೆ ನನಗೆ ಸಿಕ್ಕಿದ್ದೂ ಹಾಗೆಯೇ, ತುಂಡು ತುಂಡಾಗಿ. ಅವನ ಹೆಸರು ಇಲ್ಲಿ ಹಾಕುವುದಿಲ್ಲ.

ಅವನು 2011ರಲ್ಲಿ ಪ್ರವಾಸಿ ವೀಸಾ ಮೇಲೆ ಬಂದವನು. ವೀಸಾ ಮುಗಿಯಿತು, ಅವನು ಉಳಿದ. ಹೊರಡುವಾಗ ಹೆಂಡತಿಗೆ ನಾಲ್ಕು ತಿಂಗಳು. ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ಮಗಳು ಹುಟ್ಟಿದಾಗ ಅವನು ನ್ಯೂಯಾರ್ಕಿನಲ್ಲಿ ಕೈಗಡಿಯಾರ ಮಾರುತ್ತಿದ್ದ. ಮಗಳನ್ನು ಅವನು ಫೋನಿನ ಪರದೆಯ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಅವಳ ತೂಕ ಎಷ್ಟಿರಬಹುದು ಅಂತ ಕೈಗೆ ಗೊತ್ತಿಲ್ಲ ಅಂದಿದ್ದ ಒಂದು ಸಲ. ಅಂದದ್ದೇ ಕೈ ಚಾಚಿ ತೋರಿಸಿದ್ದ.

ಮಗ ಬಂದದ್ದು ಎಣಿಸದೇ. ಹಾರ್ಲೆಮ್‌ನ 116ನೇ ಸ್ಟ್ರೀಟ್ ಸುತ್ತಮುತ್ತ ಸೆನೆಗಲ್‌ನವರು ತುಂಬಿದ್ದಾರೆ, ಆ ಜಾಗಕ್ಕೆ ಪುಟ್ಟ ಸೆನೆಗಲ್ ಅಂತಲೇ ಹೆಸರು. ಅಲ್ಲಿ ಜಡೆ ಹೆಣೆಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗಿನಿಯ ಹೆಂಗಸೊಬ್ಬಳ ಜೊತೆ ಕೆಲವು ತಿಂಗಳ ಸ್ನೇಹ. ಆಮೇಲೆ ದೂರವಾದರು. ಅವಳು ಆರನೇ ತಿಂಗಳಲ್ಲಿ ಫೋನ್ ಮಾಡಿ ಹೇಳಿದಳಂತೆ. ಆಗ ಅವನು ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಿದ್ದ. "ಅರವತ್ತಕ್ಕೆ ಕಮ್ಮಿ ಇಲ್ಲ ಅಂತ ಹೇಳುತ್ತಾ ಇದ್ದೆ. ಫೋನ್ ಇಟ್ಟವನು ಇಪ್ಪತ್ತಕ್ಕೆ ಕೊಟ್ಟುಬಿಟ್ಟೆ" ಅಂದ. ನಗಲಿಲ್ಲ.

ಜಡೆ ಹೆಣೆಯುವ ಕೆಲಸ ಅಂದರೆ ದಿನಕ್ಕೆ ಹತ್ತು, ಹನ್ನೆರಡು ತಾಸು ನಿಂತೇ ಇರಬೇಕು. ಅಂಗಡಿಯೊಳಗೆ ಮಗುವನ್ನು ಬಿಡುವುದಿಲ್ಲ. ಮಗು ನೋಡಿಕೊಳ್ಳುವವರಿಗೆ ಕೊಡುವಷ್ಟು ಇಬ್ಬರ ಹತ್ತಿರವೂ ಇಲ್ಲ. ಹಾಗಾಗಿ ವಾರದಲ್ಲಿ ನಾಲ್ಕು ದಿನ ಹುಡುಗ ಫುಟ್‌ಪಾತ್‌ಗೆ ಬರುತ್ತಿದ್ದ. ಅವರು ಜೊತೆಯಾಗಿ ಸಂಸಾರ ಮಾಡುತ್ತಿರಲಿಲ್ಲ. ಬೆಳಿಗ್ಗೆ ಸ್ಟೇಷನ್‌ನಲ್ಲಿ ಮಗುವನ್ನು ಕೈ ಬದಲಾಯಿಸುವುದು, ರಾತ್ರಿ ಮತ್ತೆ ಅಲ್ಲೇ. ಅವಳು ಅವನ ಮೇಲೆ ಸಿಟ್ಟಾಗಿದ್ದಳು. ಸಿಟ್ಟಾಗಲು ಅವಳಿಗೆ ಕಾರಣವಿತ್ತು. ಆಸ್ಪತ್ರೆಯಲ್ಲಿ ಅಪ್ಪ ಅಂತ ಸಹಿ ಹಾಕುವ ಫಾರಂ ಕೊಟ್ಟಾಗ ಇವನು ಹಾಕದೇ ಹೊರಟುಹೋಗಿದ್ದ.

ಮದುವೆಯಾಗದ ತಂದೆ ತಾಯಿ ಅಂದರೆ ನ್ಯೂಯಾರ್ಕಿನಲ್ಲಿ ಅಪ್ಪನ ಹೆಸರು ತಾನಾಗಿ ಜನನ ಪತ್ರದಲ್ಲಿ ಬರುವುದಿಲ್ಲ. ಇಬ್ಬರೂ ಸಹಿ ಹಾಕಿ ಒಪ್ಪಿಕೊಳ್ಳಬೇಕು, ಇಲ್ಲಾ ಕೋರ್ಟು ಹೇಳಬೇಕು. ಐದು ವರ್ಷ ಯಾವ ಕಾಗದದ ಮೇಲೂ ತನ್ನ ಹೆಸರು ಬೀಳದಂತೆ ಬದುಕಿದವನು ಅವನು. ರೂಮಿನ ಬಾಡಿಗೆ ಬೇರೆಯವನ ಹೆಸರಲ್ಲಿ. ಫೋನು ಇನ್ನೊಬ್ಬನ ಹೆಸರಲ್ಲಿ. ಮಾಲು ಬಾಯಿಮಾತಿನ ಸಾಲ. ಅಂಥವನ ಮುಂದೆ ಪೆನ್ನು ಹಿಡಿದು ಪೂರ್ತಿ ಹೆಸರು ಬರಿ, ವಿಳಾಸ ಬರಿ ಅಂದರೆ ಅವನಿಗೆ ಕಂಡದ್ದು ಪೊಲೀಸರು.

ಸಹಿ ಹಾಕದೆ ಹೋದದ್ದು ಸರಿ ಅಂತ ನಾನು ಹೇಳುವುದಿಲ್ಲ. ಹೆರಿಗೆಯಾಗಿ ಒಂದು ದಿನವೂ ಆಗದ ಹೆಂಗಸು ಹಾಸಿಗೆಯ ಮೇಲೆ ಒಬ್ಬಳೇ ಆ ಫಾರಂ ಹಿಡಿದು ಕೂತಿದ್ದಳು. ಅವಳಿಗೂ ಕಾಗದಪತ್ರ ಇರಲಿಲ್ಲ, ಅವಳಿಗೂ ಹೆದರಿಕೆ ಇತ್ತು. ಆದರೂ ಅವಳು ಬರೆದಳು. ಹೆದರಿಕೆ ಇಬ್ಬರಿಗೂ ಒಂದೇ, ಓಡಲು ಅವಕಾಶ ಇದ್ದದ್ದು ಅವನಿಗೆ ಮಾತ್ರ. ಇದನ್ನು ನಾನು ಅವನ ಮುಖಕ್ಕೇ ಹೇಳಿದ್ದೇನೆ. ಅವನು ಒಪ್ಪಿಕೊಂಡ. ಹನ್ನೊಂದು ತಿಂಗಳು ಕಳೆದ ಮೇಲೆ ಹೋಗಿ ಸಹಿ ಹಾಕಿದ್ದ. ಆ ಕಾಗದದ ಫೋಟೋ ಅವನ ಫೋನಿನಲ್ಲಿತ್ತು. ನನಗೆ ಎರಡು ಸಲ ತೋರಿಸಿದ.

ಈ ಫುಟ್‌ಪಾತ್ ವ್ಯಾಪಾರಿಗಳ ಕೆಲಸ ಕಲಿಸುವುದೇ ಮಾಯವಾಗುವುದನ್ನು. ಆ ನಗರದಲ್ಲಿ ಫುಟ್‌ಪಾತ್ ಮೇಲೆ ಮಾಲು ಮಾರಲು ಲೈಸೆನ್ಸ್ ಬೇಕು. 1979ರಲ್ಲಿ ಆ ಲೈಸೆನ್ಸುಗಳಿಗೆ 853 ಅಂತ ಮಿತಿ ಹಾಕಿದರು. ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಎಂಬತ್ತು ಲಕ್ಷ ಜನರ ಊರಿಗೆ 853! ದಶಕಗಳು ಕಳೆದರೂ ಆ ಸಂಖ್ಯೆ ಕದಲಲಿಲ್ಲ. ಟೋಪಿ, ಛತ್ರಿ ಮಾರಿದರೂ ಕಾನೂನಿಗೆ ಹೊರಗೇ ಇರಬೇಕಿತ್ತು. ಹೇಗಿದ್ದರೂ ಹೊರಗೇ ಅಂದಮೇಲೆ ಜಾಸ್ತಿ ಲಾಭ ಕೊಡುವ ಡೂಪ್ಲಿಕೇಟ್ ಬ್ಯಾಗಿಗೆ ಕೈ ಹೋಗುತ್ತದೆ. ಡೂಪ್ಲಿಕೇಟ್ ಮಾರುವುದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರಿದಾರಿಯ ಬಾಗಿಲು ಎಷ್ಟು ಅಗಲ ಇತ್ತು ಅನ್ನುವುದನ್ನೂ ನೋಡಬೇಕಲ್ವಾ.

ಹೀಗಾಗಿ ಚೆನ್ನಾಗಿ ಮಾರುವುದು ಎಷ್ಟು ಮುಖ್ಯವೋ ಬೇಗ ಗಂಟು ಕಟ್ಟುವುದೂ ಅಷ್ಟೇ ಮುಖ್ಯ. ಹೆಗಲಿಗೆ ಏರದಷ್ಟು ಭಾರದ ಮಾಲು ಇಡುವುದಿಲ್ಲ. ಒಂದೇ ಜಾಗದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಯಾರಿಗೂ ನಾಳೆ ಇಷ್ಟು ಹೊತ್ತಿಗೆ ಇಲ್ಲೇ ಇರುತ್ತೇನೆ ಅಂತ ಮಾತು ಕೊಡುವುದಿಲ್ಲ. ಮಗುವಿಗೆ ಬೇಕಾದದ್ದು ಮಾತ್ರ ಅದೇ ಮಾತು. ಇಷ್ಟು ಹೊತ್ತಿಗೆ ಊಟ, ಇಷ್ಟು ಹೊತ್ತಿಗೆ ನಿದ್ದೆ, ನಿದ್ದೆ ಬಂದಾಗ ಇದೇ ಹೆಗಲು.

ಅವನ ತಮ್ಮ ಬಾರ್ಸಿಲೋನಾದಲ್ಲಿದ್ದ. ಅಲ್ಲೂ ಇದೇ ಕೆಲಸ, ಇದೇ ದುಪ್ಪಟಿ. ಸ್ಪೇನ್‌ನಲ್ಲಿ ಇವರಿಗೆ ಮಾಂತೇರೋ ಅನ್ನುತ್ತಾರೆ. ಮಾಂತಾ ಅಂದರೆ ಆ ಭಾಷೆಯಲ್ಲಿ ದುಪ್ಪಟಿಯೇ. ಮನುಷ್ಯನಿಗೆ ಅವನು ಹಾಸುವ ಬಟ್ಟೆಯ ಹೆಸರು. ಅಲ್ಲಿ ಇನ್ನೊಂದು ತೊಡಕು. ಕೆಲವು ವರ್ಷ ಅಲ್ಲೇ ಬದುಕಿದ್ದೇನೆ ಅಂತ ತೋರಿಸಿದರೆ ಕಾಗದ ಸಿಗುವ ದಾರಿಯೊಂದಿದೆ. ಆದರೆ ಪೊಲೀಸ್ ದಾಖಲೆ ಸ್ವಚ್ಛ ಇರಬೇಕು. 2015ರಲ್ಲಿ ಕಾನೂನು ಬಿಗಿ ಮಾಡಿ, ದುಪ್ಪಟಿಯ ಮೇಲೆ ಡೂಪ್ಲಿಕೇಟ್ ಮಾರುವುದನ್ನು ಮತ್ತೆ ಕ್ರಿಮಿನಲ್ ಅಪರಾಧ ಮಾಡಿದರು. ಕಾಗದ ಸಿಗುವತನಕ ಹೊಟ್ಟೆ ತುಂಬಿಸುವ ಕೆಲಸವೇ ಕಾಗದ ಸಿಗದಂತೆ ಮಾಡುತ್ತದೆ.

ಯುರೋಪಿನಲ್ಲಿ ಇನ್ನೊಂದು ವಿಷಯವೂ ಇದೆ. 2011ರ ಮಾರ್ಚ್‌ನಲ್ಲಿ ಯುರೋಪಿನ ನ್ಯಾಯಾಲಯ ರೂಯಿಸ್ ಝಂಬ್ರಾನೋ ಅನ್ನುವ ಕೊಲಂಬಿಯಾದವನ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿತು. ಅವನಿಗೆ ಬೆಲ್ಜಿಯಂನಲ್ಲಿ ಕಾಗದ ಇರಲಿಲ್ಲ, ಅಲ್ಲೇ ಹುಟ್ಟಿದ ಮಕ್ಕಳು ಬೆಲ್ಜಿಯಂ ಪ್ರಜೆಗಳು. ಅವರನ್ನು ಸಾಕುವ ಅಪ್ಪನನ್ನು ಓಡಿಸಿದರೆ ಮಕ್ಕಳನ್ನೂ ಓಡಿಸಿದಂತೆ, ಹಾಗಾಗಿ ಅಪ್ಪ ಉಳಿದು ಕೆಲಸ ಮಾಡಬಹುದು ಅಂತ ಕೋರ್ಟು ಹೇಳಿತು. ಆದರೆ ಅಲ್ಲಿನ ಬಹಳ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಆ ದೇಶದ ಪ್ರಜೆ ಆಗುವುದಿಲ್ಲ.

ಅಮೆರಿಕಾದಲ್ಲಿ ತದ್ವಿರುದ್ಧ. ಅಲ್ಲಿನ ಸಂವಿಧಾನದ 1868ರ 14ನೇ ತಿದ್ದುಪಡಿಯಿಂದಾಗಿ ಇವನ ಮಗ ಹುಟ್ಟುತ್ತಲೇ ಅಮೆರಿಕಾದ ಪ್ರಜೆ. ಆದರೆ ಅಪ್ಪನಿಗಾಗಿ ಅರ್ಜಿ ಹಾಕಬೇಕಾದರೆ ಮಗನಿಗೆ 21 ವರ್ಷ ತುಂಬಬೇಕು. ಹುಡುಗ ಹುಟ್ಟಿದ್ದು 2016ರಲ್ಲಿ. ಕೂಡಿಸಿದರೆ 2037. ಆ ಇಸವಿಯನ್ನು ಅವನು ಬಾಯಿಪಾಠ ಮಾಡಿಕೊಂಡಿದ್ದ. ಏನೇ ಮಾತು ಬಂದರೂ "2037" ಅನ್ನುತ್ತಿದ್ದ, ನಮ್ಮಲ್ಲಿ ದೇವರ ಹೆಸರು ಹೇಳುವ ಹಾಗೆ.

ಅಷ್ಟರತನಕ ಮಗಳು? 1996ರಲ್ಲಿ ಬಂದ ಕಾನೂನಿನ ಪ್ರಕಾರ, ಕಾಗದ ಇಲ್ಲದೆ ಒಂದು ವರ್ಷಕ್ಕಿಂತ ಜಾಸ್ತಿ ಇದ್ದವನು ಅಮೆರಿಕಾ ಬಿಟ್ಟು ಹೊರಟರೆ ಹತ್ತು ವರ್ಷ ಮತ್ತೆ ಒಳಗೆ ಬರುವ ಹಾಗಿಲ್ಲ. ಅಂದರೆ ಮಗಳನ್ನು ನೋಡಲು ವಿಮಾನ ಹತ್ತಿದ ದಿನ ಮಗನನ್ನು ಕಳೆದುಕೊಳ್ಳುತ್ತಾನೆ. ಮಗನ ಹತ್ತಿರ ಉಳಿದಷ್ಟು ದಿನ ಮಗಳು ಪರದೆಯ ಮೇಲೆಯೇ ದೊಡ್ಡವಳಾಗುತ್ತಾಳೆ. ಇವನು ಕೆಟ್ಟ ಅಪ್ಪನೋ ಒಳ್ಳೆಯ ಅಪ್ಪನೋ ಅಂತ ಕೇಳುವ ಮೊದಲೇ ಕಾನೂನು ಹೇಳಿಬಿಟ್ಟಿದೆ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅಪ್ಪನಾಗು ಅಂತ. ನನಗೆ ಇದನ್ನು ಯೋಚಿಸಿದಾಗಲೆಲ್ಲಾ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಮಕ್ಕಳಿಬ್ಬರೂ ಏನೂ ಮಾಡಿಲ್ಲ, ಹುಟ್ಟಿದ್ದಾರೆ ಅಷ್ಟೆ.

ಡಾಕರ್‌ನ ಹೆಂಡತಿಗೆ ಅವನು ಹೇಳಿರಲಿಲ್ಲ. ಸೆನೆಗಲ್‌ನಲ್ಲಿ ಮಗು ಹುಟ್ಟಿ ಒಂದು ವಾರಕ್ಕೆ ಹೆಸರಿಡುವ ಶಾಸ್ತ್ರ ಮಾಡುತ್ತಾರೆ. ಕುರಿ ಕಡಿದು ನಾಲ್ಕು ಜನರನ್ನು ಕರೆದು ಊಟ ಹಾಕುತ್ತಾರೆ. ಹಾರ್ಲೆಮ್‌ನಲ್ಲಿ ಅದನ್ನು ಮಾಡಿದರೆ ಬೆಳಗಾಗುವುದರೊಳಗೆ ಸುದ್ದಿ ಡಾಕರ್ ತಲುಪುತ್ತದೆ. ಹಾಗಾಗಿ ಮಾಡಲೇ ಇಲ್ಲ. ಹುಡುಗನಿಗೆ ಹೆಸರು ಸುಮ್ನೆ ಫೋನಿನಲ್ಲಿ ಮಾತಾಡಿ ಇಟ್ಟದ್ದು. ಅದೊಂದು ನೋವು ಅವನಿಗೆ ಬಹಳ ಇತ್ತು. ಒಂದು ಕುರಿಯ ದುಡ್ಡು ನನ್ನ ಹತ್ತಿರ ಇರಲಿಲ್ಲ ಅಂತಲ್ಲ ಸಿಸ್ಟರ್, ಅನ್ನುತ್ತಿದ್ದ.

ಗುಟ್ಟು ಉಳಿಯಲಿಲ್ಲ. ಒಂದು ಸಲ ಹೆಂಡತಿಯ ಜೊತೆ ಮಾತಾಡುವಾಗ ಹಿಂದೆ ಮಗು ಅತ್ತಿತು. ಪಕ್ಕದ ರೂಮಿನವರದ್ದು ಅಂದ. ಅವಳು ಸರಿ ಅಂದಳು. ಇನ್ನೊಂದು ಸಲ ಹುಡುಗ ಹತ್ತಿರ ಬಂದು "ಪಪಾ" ಅಂದ. ಆ ಮಾತಿಗೆ ಅರ್ಥ ಹೇಳುವವರು ಬೇಕಾಗಿಲ್ಲ. ಆ ಕಡೆ ಬಹಳ ಹೊತ್ತು ಸದ್ದೇ ಇರಲಿಲ್ಲವಂತೆ. ಆಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ವರ್ಷ ಅವನಿಗೆ?"

ಅವನು ಹೇಳಿದ. ಅವಳು ಲೆಕ್ಕ ಹಾಕಿದಳು. ತಿಂಗಳಿಗೆ 300 ಡಾಲರ್ ಬರುತ್ತಿದ್ದದ್ದು 200ಕ್ಕೆ ಇಳಿದದ್ದು ಯಾವಾಗಿನಿಂದ ಅಂತ ಅವಳಿಗೆ ಆಗ ಗೊತ್ತಾಯಿತು. ಮಗಳ ಶಾಲೆ ಬದಲಾಯಿಸಿದ್ದು ಅದೇ ವರ್ಷ. ಸೆನೆಗಲ್‌ನಲ್ಲಿ ಒಬ್ಬನಿಗೆ ಒಂದಕ್ಕಿಂತ ಜಾಸ್ತಿ ಹೆಂಡತಿಯರು ಇರುವುದು ಕಾನೂನಿನಲ್ಲೇ ಇದೆ. ಇನ್ನೊಬ್ಬಳು ಇದ್ದಾಳೆ ಅನ್ನುವುದು ಅವಳಿಗೆ ತೀರಾ ಕೇಳರಿಯದ ಮಾತೇನೂ ಆಗಿರಲಿಲ್ಲ. ಎರಡು ವರ್ಷ ತನ್ನನ್ನು ದಡ್ಡಿ ಮಾಡಿದ್ದು ಅವಳಿಗೆ ಸಹಿಸಲು ಆಗಲಿಲ್ಲ. ವ್ಯಾಪಾರ ಡಲ್ಲು ಅಂದಿದ್ದ, ಚಳಿಗಾಲ ಅಂದಿದ್ದ, ಪೊಲೀಸರು ಮಾಲು ಎತ್ತಿಕೊಂಡು ಹೋದರು ಅಂದಿದ್ದ. ಎಲ್ಲವನ್ನೂ ನಂಬಿ ಅವಳು ಇವನಿಗಾಗಿ ಪ್ರಾರ್ಥನೆ ಮಾಡಿಸಿದ್ದಳು.

ಮೂರು ತಿಂಗಳು ಅವಳು ಮಾತಾಡಲಿಲ್ಲ. ಫೋನ್ ಎತ್ತಿ ಮಗಳ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದಳು. ಆ ದಿನಗಳಲ್ಲಿ ಅವನು ಫುಟ್‌ಪಾತ್‌ನಲ್ಲಿ ಗಿರಾಕಿ ಕರೆಯುವುದನ್ನೇ ಬಿಟ್ಟಿದ್ದ. ಸುಮ್ನೆ ನಿಂತಿರುತ್ತಿದ್ದ. ಹುಡುಗ ಅವನ ಪ್ಯಾಂಟು ಜಗ್ಗಿದರೆ ತಲೆ ಮೇಲೆ ಕೈ ಇಡುತ್ತಿದ್ದ, ಬಗ್ಗಿ ನೋಡುತ್ತಿರಲಿಲ್ಲ. ಇಂಥ ಸಂಸಾರಗಳಲ್ಲಿ ಜಗಳ ಆಡುವುದಕ್ಕೂ ಜಾಗ ಇಲ್ಲ. ಎದುರು ಬದುರು ನಿಂತು ಕೂಗಾಡಿ, ಅತ್ತು, ರಾತ್ರಿ ಒಂದೇ ಮನೆಯಲ್ಲಿ ಮಲಗಿ ಬೆಳಿಗ್ಗೆ ಕಾಫಿ ಮಾಡಿಕೊಡುವ ಅವಕಾಶ ಇಲ್ಲ. ನೆಟ್‌ವರ್ಕ್ ಕಟ್ಟಾದರೆ ಸಿಟ್ಟು ಅರ್ಧಕ್ಕೇ ನಿಲ್ಲುತ್ತದೆ.

ಪೊಲೀಸರ ಹೆದರಿಕೆಯ ಬಗ್ಗೆ ಒಂದು ಮಾತು ಹೇಳಬೇಕು. ಅಮಾಡು ಡಿಯಾಲೋ ಗಿನಿಯ ಹುಡುಗ. ವಯಸ್ಸು 23. ಮ್ಯಾನ್‌ಹಟನ್‌ನ 14ನೇ ಸ್ಟ್ರೀಟ್‌ನಲ್ಲಿ ಕಾಲುಚೀಲ, ಕೈಗವಸು, ವಿಡಿಯೋ ಕ್ಯಾಸೆಟ್ ಮಾರುತ್ತಿದ್ದ. 1999ರ ಫೆಬ್ರವರಿ 4ರಂದು, ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಬ್ರಾಂಕ್ಸ್‌ನಲ್ಲಿ ಅವನ ಮನೆಬಾಗಿಲಲ್ಲೇ ಮಫ್ತಿಯಲ್ಲಿದ್ದ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಅವನ ಹತ್ತಿರ ಆಯುಧ ಇರಲಿಲ್ಲ. ತೆಗೆದದ್ದು ಪರ್ಸ್. ಮರುವರ್ಷ ನಾಲ್ವರೂ ಖುಲಾಸೆಯಾದರು. ಕೆನಾಲ್ ಸ್ಟ್ರೀಟ್‌ನ ವ್ಯಾಪಾರಿಗಳು ಇದನ್ನು ನಿನ್ನೆ ನಡೆದ ಹಾಗೆ ಹೇಳುತ್ತಾರೆ. "ಪೊಲೀಸರ ಮುಂದೆ ನಾನು ಕಿಸೆಗೆ ಕೈ ಹಾಕಲ್ಲ ಸಿಸ್ಟರ್. ಹುಡುಗ ಜೊತೆಗಿದ್ದರೆ ಅವನ ಎರಡೂ ಕೈ ಹಿಡಿದುಕೊಳ್ಳುತ್ತೇನೆ" ಅಂದಿದ್ದ. ಎರಡು ವರ್ಷದ ಮಗುವಿನ ಕೈಗಳನ್ನು!

ಇಟಲಿಯ ಫ್ಲಾರೆನ್ಸ್‌ನ ಸುದ್ದಿ ನನಗೆ ಹೇಳಿದವನೂ ಅವನೇ. 2011ರ ಡಿಸೆಂಬರ್ 13ರಂದು ಅಲ್ಲಿನ ಒಂದು ಮಾರುಕಟ್ಟೆ ಚೌಕದಲ್ಲಿ ಜನಾಂಗದ್ವೇಷಿಯೊಬ್ಬ ಸಾಂಬ್ ಮೋಡು ಮತ್ತು ಡಿಯೋಪ್ ಮೋರ್ ಅನ್ನುವ ಇಬ್ಬರು ಸೆನೆಗಲ್ ವ್ಯಾಪಾರಿಗಳನ್ನು ಗುಂಡಿಟ್ಟು ಕೊಂದ. ಸಾಂಬ್ ಮೋಡುವಿಗೆ ಊರಲ್ಲಿ ಹೆಂಡತಿ, ಮಗಳು. ಆ ಹೆಂಡತಿ ಮುಂದೆ ಇದಿ ಡಿಯೆನ್ ಅನ್ನುವ ಸಂಬಂಧಿಕನನ್ನು ಮದುವೆಯಾದಳು. ಅವನೂ ಬೀದಿ ವ್ಯಾಪಾರಿ. 2018ರ ಮಾರ್ಚ್ 5ರಂದು ಅದೇ ಊರಿನ ವೆಸ್ಪುಚಿ ಸೇತುವೆಯ ಮೇಲೆ ಅವನನ್ನೂ ಒಬ್ಬ ಗುಂಡಿಟ್ಟು ಕೊಂದ. ಒಂದೇ ಊರು, ಒಂದೇ ಕಸುಬು, ಒಬ್ಬಳೇ ಹೆಂಗಸಿನ ಇಬ್ಬರು ಗಂಡಂದಿರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮಗಳು ಸಾವಿನ ಸುದ್ದಿಯನ್ನು ಎರಡನೇ ಸಲ ಹೇಗೆ ಕೇಳಿಸಿಕೊಂಡಳೋ.

ಡಾಕರ್‌ನ ಹೆಂಡತಿ ಕೊನೆಗೆ ಮಾತು ಶುರು ಮಾಡಿದಳು. ಕ್ಷಮಿಸಿದಳು ಅಂತ ನಾನು ಬರೆಯುವುದಿಲ್ಲ, ಅವನೂ ಹಾಗೆ ಹೇಳಲಿಲ್ಲ. "ಹುಡುಗನನ್ನು ತೋರಿಸು" ಅಂದಳಂತೆ. ಇವನು ಫೋನನ್ನು ಮಗನ ಕಡೆ ತಿರುಗಿಸಿದ. ಮಗಳು ಪರದೆಗೆ ಮೂಗು ತಾಗಿಸಿ ನೋಡಿ, ನನ್ನ ಹಣೆ ಇವನಿಗೆ ಬಂದಿದೆ ಅಂದಳು. ಆಮೇಲಿಂದ ಭಾನುವಾರಗಳಲ್ಲಿ ಅಕ್ಕ ತಮ್ಮ ಮಾತಾಡುತ್ತಾರೆ. ಅವಳಿಗೆ ವೊಲೋಫ್, ಇವನಿಗೆ ಅರ್ಧಂಬರ್ಧ ಇಂಗ್ಲಿಷ್. ಅವಳು ಬೊಂಬೆ ತೋರಿಸುತ್ತಾಳೆ, ಇವನು ಕಾರು ತೋರಿಸುತ್ತಾನೆ. ದುಡ್ಡು ಮಾತ್ರ ಇನ್ನೂ 200 ಡಾಲರೇ.

2019ರಲ್ಲಿ ನನ್ನ ಕೆಲಸ ಬದಲಾಯಿತು, ಆ ಊರು ಬಿಟ್ಟೆ. ಅವನ ನಂಬರು ಇತ್ತು. ಹಬ್ಬಕ್ಕೆ ಒಂದು ಮೆಸೇಜು, ಹುಡುಗನ ಒಂದು ಫೋಟೋ. ಮೂರನೆಯ ವರ್ಷಕ್ಕೆ ನಂಬರು ಬದಲಾಗಿತ್ತು.

2025ರ ಅಕ್ಟೋಬರ್ 21ರಂದು ವಲಸೆ ಕಾನೂನು ಜಾರಿ ಮಾಡುವ ಫೆಡರಲ್ ಏಜೆಂಟರು ಕೆನಾಲ್ ಸ್ಟ್ರೀಟ್‌ಗೆ ನುಗ್ಗಿ ಪಶ್ಚಿಮ ಆಫ್ರಿಕಾದ ವ್ಯಾಪಾರಿಗಳನ್ನು ಹಿಡಿದುಕೊಂಡು ಹೋದರು. ಆ ವಿಡಿಯೋಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮುಖಗಳನ್ನು ಹುಡುಕಿದೆ, ನೀಲಿ ದುಪ್ಪಟಿ ಹುಡುಕಿದೆ. ಬಿಟ್ಟುಹೋದ ಗಂಟುಗಳು ರಸ್ತೆಯಲ್ಲಿ ಬಿದ್ದಿದ್ದವು. ಹುಡುಗನಿಗೆ ಆ ಹೊತ್ತಿಗೆ ಒಂಬತ್ತು ವರ್ಷ. ಶಾಲೆಯಿಂದ ಅವನನ್ನು ಕರೆದುಕೊಂಡು ಬರುವವರು ಯಾರು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಊರು ಬಿಡುವ ಮುಂಚಿನ ಸಂಜೆ ಅವರಿಗೆ ಹೇಳಿ ಬರಲು ಹೋಗಿದ್ದೆ. ಹುಡುಗ ಅಪ್ಪನ ಹತ್ತಿರವೇ ನೆಲದ ಮೇಲೆ ಒಂದು ಕರವಸ್ತ್ರ ಹಾಸಿದ್ದ. ಅದರ ಮೇಲೆ ಕೆಂಪು ಕಾರು, ಎರಡು ಬಣ್ಣದ ಕಡ್ಡಿ, ಒಂದು ಬಿಸ್ಕತ್ತು ಸಾಲಾಗಿ ಇಟ್ಟಿದ್ದ. ಸ್ವಲ್ಪ ಹೊತ್ತು ನೋಡಿದ. ಬಾಯಿ ಚೂಪು ಮಾಡಿ ಸಿಳ್ಳೆ ಹಾಕಲು ನೋಡಿದ, ಬರೀ ಗಾಳಿ ಬಂತು. ಆಮೇಲೆ ನಾಲ್ಕು ಮೂಲೆ ಸೇರಿಸಿ ಹಿಡಿದು, ಗಂಟನ್ನು ಹೆಗಲಿಗೆ ಹಾಕಿಕೊಂಡು ಹಣ್ಣಿನ ಗಾಡಿಯ ಹಿಂದಕ್ಕೆ ಓಡಿದ.

ಅಪ್ಪ ನೋಡುತ್ತಾ ನಿಂತಿದ್ದ. ಗಾಡಿಯ ಹಿಂದೆ ಹೋಗಿ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತ. ಗಂಟು ಬಿಚ್ಚಿ ಕಾರನ್ನು ಅವನ ಕೈಗೆ ಕೊಟ್ಟ, ಬಿಸ್ಕತ್ತನ್ನು ಬಾಯಿಗೆ ಇಟ್ಟ. ಕರವಸ್ತ್ರ ಕೊಡವಿ, ನಾಲ್ಕು ಮಡಿಕೆ ಮಾಡಿ, ತನ್ನ ಜೇಬಿನೊಳಗೆ ಹಾಕಿಕೊಂಡ.